ಮನೆ ಫೋನು ಹೊಸಿಲು ದಾಟಿದ್ದು

ಈ ಸಲದ ಆಯುಧಪೂಜೆಯ ದಿನ ಮಗ್ಗಗಳಿಗೆಲ್ಲ ಅರಿಶಿನ ಕುಂಕುಮ ಇಟ್ಟು, ಲಾಳಿಗಳನ್ನು ಒರೆಸಿ ತಟ್ಟೆಯಲ್ಲಿ ಜೋಡಿಸಿ, ಇನ್ನೇನು ಕರ್ಪೂರ ಹಚ್ಚಬೇಕು ಅನ್ನುವಾಗ ನನ್ನ ಸೊಸೆ ಕವಿತಾ ನಡುಮನೆಯ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಮರದ ಹಲಗೆಯ ಮೇಲೆ ಇಂಟರ್ನೆಟ್ಟಿನ ಬಿಳಿ ಡಬ್ಬಿ ಹಸಿರು ದೀಪ ಮಿಣುಕಿಸುತ್ತಾ ಕೂತಿತ್ತು. ಅದರ ಪಕ್ಕದಲ್ಲಿ ಅದಕ್ಕೇ ತಂತಿ ಸಿಕ್ಕಿಸಿಕೊಂಡ ಮನೆಯ ಫೋನು. "ಅದುಕ್ಕಮ್ಮಾ?" ಅಂದಳು. ನಾನು ಹೋಗಿ ಡಬ್ಬಿಗೊಂದು, ಫೋನಿಗೊಂದು ಬೊಟ್ಟು ಇಟ್ಟು ಬಂದೆ. ನಮ್ಮ ಯಜಮಾನರು ನಗಲಿಲ್ಲ. ಬೇರೆ ವರ್ಷವಾಗಿದ್ದರೆ ನಕ್ಕಿರುತ್ತಿದ್ದರು. ನೀವೂ ಈಗ ನಗುತ್ತಿದ್ದರೆ ಬೇಸರವಿಲ್ಲ, ಕಥೆ ಕೇಳಿದ ಮೇಲೆ ನೀವೇ ನಿರ್ಧಾರ ಮಾಡಿ.

ನಾನು ತಾಳವಾಡಿಯ ಕನ್ನಡ ಶಾಲೆಯಲ್ಲಿ ಓದಿ, ಸೇಲಂನ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಈ ಮನೆಯಲ್ಲಿ ಕನ್ನಡ ಆಡುತ್ತಾರೆ, ಬರೆಯುವುದಿಲ್ಲ. ಲೆಕ್ಕ ತಮಿಳು, ದೇವರಿಗೆ ಬೇಡಿಕೊಳ್ಳುವುದು ಕನ್ನಡ, ಜಗಳ ಎರಡೂ ಕಲಸಿ. ನಾನು ಬಂದ ಹೊಸದರಲ್ಲೇ ಮನೆಗೆ ಫೋನು ಬಂತು. ನಮ್ಮ ಬೀದಿಗೆ ಅದೇ ಮೊದಲನೆಯದು. ಹಾಗಾಗಿ ಸೊಸೆಗೆ ಸಿಗಬೇಕಾದ ಉಪಚಾರದಲ್ಲಿ ಅರ್ಧ ಅದಕ್ಕೆ ಸಿಕ್ಕಿತು ಅಂತ ನನಗೆ ಆಗ ಒಳಗೊಳಗೇ ಹೊಟ್ಟೆಕಿಚ್ಚು. ನನಗೆ ಚಾಪೆ, ಅದಕ್ಕೆ ಕಸೂತಿಯ ಬಟ್ಟೆ.

ಫೋನಿನ ಪಾರುಪತ್ಯ ನಮ್ಮ ಅತ್ತೆ ಚೌಡಮ್ಮನವರದು. ಫೋನಿನ ಕೆಳಗೇ ರಾಟೆ ಹಾಕಿಕೊಂಡು ಕಂಡಿಕೆಗೆ ನೂಲು ಸುತ್ತುತ್ತಾ ಕೂರುತ್ತಿದ್ದರು. ಗಂಟೆ ಬಡಿದರೆ ರಾಟೆ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು, ಎತ್ತಿದ ಕೂಡಲೇ ಹಲೋ ಅನ್ನದೆ ಸೇಲಂನ ಕೋಡೂ ಸೇರಿಸಿ ನಮ್ಮ ನಂಬರನ್ನು ಒಂದೊಂದೇ ಅಂಕಿಯಾಗಿ ತಮಿಳಿನಲ್ಲಿ ಒಪ್ಪಿಸುತ್ತಿದ್ದರು. ಫೋನು ಹಾಕಿಕೊಟ್ಟು ಹೋದವರು ಹಾಗೆ ಹೇಳಬೇಕು ಅಂದಿದ್ದರಂತೆ. ಅದನ್ನು ಅವರು ವ್ರತದ ಹಾಗೆ ಪಾಲಿಸಿದರು. ಸೀರೆ ವ್ಯಾಪಾರಿಗಳು, ಎಡಪ್ಪಾಡಿಯ ನೆಂಟರು, ಬೀದಿಯವರ ನೆಂಟರು, ಎಲ್ಲರೂ ಮೊದಲು ಆ ಅಂಕಿಗಳನ್ನು ಪೂರ್ತಿ ಕೇಳಿಯೇ ತಮ್ಮ ಮಾತಿಗೆ ಬರಬೇಕು. ನಡುವೆ ಬಾಯಿ ಹಾಕಿದರೆ ಅತ್ತೆ ಮತ್ತೆ ಮೊದಲಿಂದ ಶುರುಮಾಡುತ್ತಿದ್ದರು.

ಎಲ್ಲರ ಕೈಗೂ ಮೊಬೈಲು ಬಂತು. ಬೀದಿಯ ಫೋನುಗಳು ಒಂದೊಂದಾಗಿ ಕಣ್ಣುಮುಚ್ಚಿದವು. ಅತ್ತೆ ನಮ್ಮದನ್ನು ತೆಗೆಯಲು ಬಿಡಲಿಲ್ಲ. ಕೊನೆಗೆ ಹಳೆಯ ತಾಮ್ರದ ತಂತಿ ಹೋಗಿ ಫೈಬರ್ ಬಂದಾಗ, ಇಂಟರ್ನೆಟ್ಟಿನ ಜೊತೆಗೆ ಮನೆ ಫೋನೂ ಅದೇ ನಂಬರಿನಲ್ಲಿ ಉಳಿಯುತ್ತದೆ ಅಂದರು. ಅತ್ತೆಗೆ ತಂತಿ ಯಾವುದಾದರೇನು, ನಂಬರು ಉಳಿದರೆ ಸಾಕಾಗಿತ್ತು.

ಅಷ್ಟರಲ್ಲಿ ಅವರಿಗೆ ಮರೆವು ಶುರುವಾಗಿತ್ತು. ಊಟ ಮಾಡಿ ಕೈ ತೊಳೆದು ಬಂದು ಅಡುಗೆ ಆಯಿತಾ ಅಂತ ಕೇಳುತ್ತಿದ್ದರು. ನನ್ನನ್ನು ಕೆಲವೊಮ್ಮೆ ತಮ್ಮ ಅತ್ತೆ ಅಂದುಕೊಂಡು ಎದ್ದು ನಿಲ್ಲುತ್ತಿದ್ದರು. ಇಷ್ಟು ವರ್ಷಕ್ಕೆ ಆ ಮರ್ಯಾದೆ ಸಿಕ್ಕಿತಲ್ಲಾ ಅಂತ ನಾನು ನಗುತ್ತಿದ್ದೆ, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ಈಗ ಕವಿತಾಳ ವಿಷಯಕ್ಕೆ ಬರುತ್ತೇನೆ. ಅವಳು ಎಡಪ್ಪಾಡಿಯವಳು, ಅವಳದೂ ಮಗ್ಗದ ಮನೆಯೇ. ಕನ್ನಡ ಚೆನ್ನಾಗಿ ಬರುತ್ತದೆ, ಆದರೆ ನಾಲಿಗೆ ತಮಿಳಿನ ಕಡೆಗೇ ಜಾರುತ್ತದೆ. ನನ್ನನ್ನು ಅಮ್ಮಾ ಅಂತಾಳೆ, ಅತ್ತೆಯನ್ನು ತಮಿಳಿನಲ್ಲಿ ಅಜ್ಜಿಗೆ ಅನ್ನುವ ಹಾಗೆ ಪಾಟಿ ಅಂತಾಳೆ. ಅವಳ ತಾಯಿ ಮನೆ ಫೋನಿಗೇ ಮಾಡುವವರು. ಮೊಬೈಲಿಗೆ ಮಾಡಿದರೆ ಮಗಳೊಬ್ಬಳೇ ಸಿಗುತ್ತಾಳೆ, ಮನೆ ಫೋನಾದರೆ ಬೀಗರನ್ನೂ ವಿಚಾರಿಸಿದ ಹಾಗಾಗುತ್ತದೆ ಅನ್ನುವ ದೊಡ್ಡತನ ಅವರದು. ಆದರೆ ಹಿಂದಿನ ಕೊಟ್ಟಿಗೆಯಲ್ಲಿ ಮಗ್ಗ ನಡೆಯುತ್ತಿದ್ದರೆ ಮುಂದಿನ ಫೋನು ಯಾರಿಗೂ ಕೇಳಿಸುತ್ತಿರಲಿಲ್ಲ. ಅತ್ತೆಯ ಕಿವಿಯೂ ಮಂದವಾಗಿತ್ತು. ಬೀಗಿತ್ತಿ ಎರಡು ಮೂರು ಸಲ ಮಾಡಿ ಸುಮ್ಮನಾದರಂತೆ, ಸ್ವಲ್ಪ ಮುನಿಸೂ ಬಂತಂತೆ.

ಕವಿತಾ ಯಾರ ಹತ್ತಿರ ಕೇಳಿ ತಿಳಿದಳೋ, ಮನೆ ಫೋನನ್ನು ಮೊಬೈಲಿಗೂ ಜೋಡಿಸಬಹುದು ಅಂದಳು. ಮನೆಯಲ್ಲಿ ಗಂಟೆ ಬಡಿದಾಗ ಮೊಬೈಲೂ ಬಡಿಯುತ್ತದೆ, ಎಲ್ಲಿದ್ದರೂ ಎತ್ತಬಹುದು, ಅಲ್ಲಿಂದ ಮಾಡಿದರೂ ಮನೆ ನಂಬರೇ ಕಾಣುತ್ತದೆ. ಮನೆ ಫೋನು ಮನೆಯಲ್ಲಿರುವುದೇ ಚೆಂದ ಅಂತ ನಾನಂದೆ. ಅವಳು ಸರಿ ಅಂದಳು, ಕೆಲಸ ಮುಂದುವರಿಸಿದಳು. ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದು ಸಾಮಾನ್ಯವಾಗಿ ಹೀಗೆಯೇ.

ಜೋಡಿಸುವುದು ಅಂದರೆ ದೊಡ್ಡ ಕೆಲಸವಲ್ಲ. ಮನೆಯ ವೈಫೈಯಲ್ಲಿ ಇದ್ದುಕೊಂಡು, ಫೋನ್ ಕಂಪನಿಯ ಆ್ಯಪ್ ಹಾಕಿಕೊಂಡು, ಮನೆ ನಂಬರು ಒತ್ತಿದರೆ ಒಂದು ಓಟಿಪಿ ಬರುತ್ತದೆ. ಅದು ಬಂದದ್ದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರ ಮೊಬೈಲಿಗೆ, ಅಂದರೆ ನಮ್ಮ ಯಜಮಾನರಿಗೆ. ಅವರು ನೂಲಿನ ಅಂಗಡಿಯಲ್ಲಿದ್ದರು. ಕವಿತಾ ಫೋನು ಮಾಡಿ ಕೇಳಿದರೆ ಅವರು ಹೇಳಲು ಒಪ್ಪಲಿಲ್ಲ. ಓಟಿಪಿಯನ್ನು ಯಾರಿಗೂ ಹೇಳಬಾರದು ಅಂತ ಬ್ಯಾಂಕಿನವರು ಹೇಳಿದ್ದಾರೆ, ಸೊಸೆಗೆ ಹೇಳಬಹುದು ಅಂತ ಹೇಳಿಲ್ಲ ಅನ್ನುವುದು ಅವರ ವಾದ. ತಾವೇ ಸ್ಕೂಟರ್ ಹತ್ತಿ ಮನೆಗೆ ಬಂದು ಗುಟ್ಟಾಗಿ ಓದಿ ಹೇಳಿದರು. ಅಷ್ಟು ಹೊತ್ತಿಗೆ ಅದರ ಆಯುಸ್ಸು ಮುಗಿದಿತ್ತು. ಮತ್ತೊಂದು ತರಿಸಿಕೊಂಡು ಮಾವ ಸೊಸೆ ತಲೆಗೆ ತಲೆ ತಾಗಿಸಿ ಕೂತು ಅಂತೂ ಜೋಡಿಸಿದರು. ಬೀದಿಯ ಕೊನೆಗೆ ಹೋಗಿ ನಿಂತು ಪರೀಕ್ಷೆ ಮಾಡಿದ್ದೂ ಆಯಿತು. ಮಾರನೆಯ ದಿನದಿಂದ ಬೀಗಿತ್ತಿಯ ಮುನಿಸು ಹೋಯಿತು. ಆದರೆ ಕವಿತಾ ಒಮ್ಮೆ ಸಂತೆಯಲ್ಲಿ ಫೋನು ಎತ್ತಿದಾಗ, ನಿಮ್ಮ ಮನೆಯೊಳಗೆ ಯಾರು ಬದನೆಕಾಯಿ ಕೂಗುತ್ತಿದ್ದಾರೆ ಅಂತ ಕೇಳಿದರಂತೆ.

ಇದಾಗಿ ಕೆಲವು ತಿಂಗಳಿಗೆ ಧರ್ಮಪುರಿಯ ಹತ್ತಿರ ನೆಂಟರ ಮನೆಯಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರವಿತ್ತು. ಎಲ್ಲರೂ ವ್ಯಾನಿನಲ್ಲಿ ಹೊರಟೆವು. ಮಗ ಓಡಿಸುತ್ತಿದ್ದ. ಅತ್ತೆ ಹೊಸ ಸೀರೆ ಉಟ್ಟು, ಯಾರ ಮನೆಗೆ, ಯಾರ ಮಗು ಅಂತ ದಾರಿಯುದ್ದಕ್ಕೂ ಕೇಳುತ್ತಾ, ಪ್ರತಿ ಸಲವೂ ಹೊಸದಾಗಿ ಸಂತೋಷಪಡುತ್ತಾ ಬಂದರು. ತೊಪ್ಪೂರು ಘಾಟಿಗೆ ಮೊದಲು ಟೀ ಅಂಗಡಿಯೊಂದರ ಹತ್ತಿರ ಇಳಿದೆವು. ಅತ್ತೆಯನ್ನು ಬೆಂಚಿನ ಮೇಲೆ ಕೂರಿಸಿ ನಾನು ಟೀ ಲೋಟ ತರಲು ತಿರುಗಿದೆ. ಲೋಟ ಬಿಸಿಯಿತ್ತು ಅಂತ ಸೆರಗಿನಲ್ಲಿ ಹಿಡಿದುಕೊಂಡು ಬಂದು ನೋಡಿದರೆ ಬೆಂಚು ಖಾಲಿ.

ಮೊದಲು ಯಾರೂ ಗಾಬರಿಯಾಗಲಿಲ್ಲ. ಹಿಂದುಗಡೆ ಹೋಗಿರಬಹುದು, ವ್ಯಾನಿನಲ್ಲಿ ಕೂತಿರಬಹುದು ಅಂದುಕೊಂಡೆವು. ಎರಡೂ ಕಡೆ ಇರಲಿಲ್ಲ. ಆಗ ನಾನು ರಸ್ತೆಯ ಕಡೆ ನೋಡಿದೆ. ಆ ರಸ್ತೆಯನ್ನು ನೋಡಿದವರಿಗೆ ಗೊತ್ತು. ಘಾಟಿಯ ಇಳಿಜಾರಿನ ಕಡೆಯಿಂದ ಲಾರಿಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ಗಟ್ಟಿಮುಟ್ಟಾದವರೇ ದಾಟಲು ಹಿಂದೆಮುಂದೆ ನೋಡುತ್ತಾರೆ. ಯಜಮಾನರು ಒಂದು ಕಡೆ, ಮಗ ಇನ್ನೊಂದು ಕಡೆ ಓಡಿದರು. ಟೀ ಅಂಗಡಿಯವರು ಒಲೆ ಬಿಟ್ಟು ಬಂದು ಹಿಂದಿನ ಮುಳ್ಳುಪೊದೆಗಳಲ್ಲಿ ಹುಡುಕಿದರು. ನಾನು ಆ ಲೋಟ ಹಿಡಿದುಕೊಂಡೇ ನಿಂತಿದ್ದೆ. ಅತ್ತೆಯ ಮೊಬೈಲು ನನ್ನ ಚೀಲದಲ್ಲಿತ್ತು. ಅವರಿಗೆ ನಮ್ಮ ಯಾರ ಮೊಬೈಲ್ ನಂಬರೂ ಗೊತ್ತಿರಲಿಲ್ಲ. ನಮ್ಮ ಹೆಸರುಗಳು ಆ ದಿನ ನೆನಪಿದ್ದವೋ ಇಲ್ಲವೋ ಅದೂ ನನಗೆ ಗೊತ್ತಿರಲಿಲ್ಲ.

ಆಗಲೇ ಕವಿತಾಳ ಮೊಬೈಲು ಬಡಿದದ್ದು. ಮನೆ ಫೋನಿನ ಕರೆ ಅದು, ಸೇಲಂನಲ್ಲಿ ಬೀಗ ಹಾಕಿದ ಮನೆಯಲ್ಲಿ ಬಡಿಯುತ್ತಿದ್ದ ಕರೆ. ಎತ್ತಿ ಹಲೋ ಅನ್ನುವಷ್ಟರಲ್ಲಿ ಸಿಗ್ನಲ್ ಹೋಗಿ ಕಟ್ಟಾಯಿತು. ಯಾವ ವ್ಯಾಪಾರಿಯೋ, ಆಮೇಲೆ ನೋಡೋಣ ಅಂತ ನಾನಂದೆ. ಅವಳು ಕೇಳಲಿಲ್ಲ. ಸಿಗ್ನಲ್ ಹುಡುಕಿಕೊಂಡು ಅಂಗಡಿಯ ಪಕ್ಕದ ದಿಣ್ಣೆಯ ಮೇಲೆ, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿದಳು. ಅಲ್ಲಿಂದ ಆ ನಂಬರಿಗೆ ತಿರುಗಿ ಮಾಡಿದಳು. ಅವಳ ಮುಖವನ್ನೇ ನೋಡುತ್ತಾ ನಾನು ಕೆಳಗೆ ನಿಂತಿದ್ದೆ. ತಮಿಳಿನಲ್ಲಿ ಶುರುಮಾಡಿದವಳು ಇದ್ದಕ್ಕಿದ್ದ ಹಾಗೆ ಕನ್ನಡಕ್ಕೆ ತಿರುಗಿದಳು. ಆಮೇಲೆ ಸ್ಪೀಕರ್ ಹಾಕಿ ನನ್ನ ಕಡೆ ಚಾಚಿದಳು.

"ಭಯ ಪಡ್ಬೇಡ್ರಮ್ಮಾ," ಅಂದಿತು ಗುರುತಿಲ್ಲದ ಹೆಣ್ಣಿನ ದನಿ. "ನಿಮ್ ಅಜ್ಜಿ ಇಲ್ಲೇ ನಮ್ ಅಂಗ್ಡೀಲವ್ರೆ. ಕಡಯಂಪಟ್ಟಿ ಬಸ್ ಸ್ಟಾಪು. ಇಡ್ಲಿ ತಿಂತಾವ್ರೆ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಟೀ ಲೋಟ ಯಾರು ತೆಗೆದುಕೊಂಡರೋ ನೆನಪಿಲ್ಲ.

ಆಗಿದ್ದು ಇಷ್ಟು. ನಾನು ತಿರುಗಿದ ಹೊತ್ತಿಗೆ ಅಂಗಡಿಯ ಮುಂದೆ ಟೌನ್ ಬಸ್ಸೊಂದು ನಿಂತಿದೆ. ಜನ ಹತ್ತುವುದು ಕಂಡು ಅತ್ತೆಯೂ ಹತ್ತಿದ್ದಾರೆ. ಹೆಂಗಸರಿಗೆ ಆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಹಾಗಾಗಿ ಯಾರೂ ತಡೆದು ಕೇಳಿಲ್ಲ. ಕಡಯಂಪಟ್ಟಿಯಲ್ಲಿ ಹೆಚ್ಚಿನವರು ಇಳಿದಾಗ ಇವರೂ ಇಳಿದಿದ್ದಾರೆ. ಇಳಿದ ಮೇಲೆ ಊರು ಗುರುತು ಹತ್ತಿಲ್ಲ. ಸುತ್ತ ನಿಂತವರು ಎಲ್ಲಿಗೆ ಹೋಗಬೇಕು ಪಾಟಿ ಅಂತ ತಮಿಳಿನಲ್ಲಿ ಕೇಳಿದರೆ, ಜೀವಮಾನವೆಲ್ಲ ತಮಿಳಿನಲ್ಲಿ ವ್ಯಾಪಾರ ಮಾಡಿದ ನಮ್ಮ ಅತ್ತೆಗೆ ಆ ಗಳಿಗೆಯಲ್ಲಿ ತಮಿಳೇ ಬರಲಿಲ್ಲ. "ಮನೆಗ್ ಓಗ್ಬೇಕು, ಮನೆಗ್ ಓಗ್ಬೇಕು" ಅಂತ ಕನ್ನಡದಲ್ಲೇ ಹೇಳುತ್ತಾ ನಿಂತಿದ್ದರು.

ಅದು ಕಿವಿಗೆ ಬಿದ್ದದ್ದು ಮಾದಮ್ಮನಿಗೆ. ಆಕೆ ಅಲ್ಲಿ ಇಡ್ಲಿ ಅಂಗಡಿ ಇಟ್ಟಿದ್ದಾಳೆ. ಮೇಟೂರು ಕಡೆಯ ಹಳ್ಳಿಯ ಕನ್ನಡದ ಒಕ್ಕಲು ಮನೆಯ ಮಗಳು, ಕಡಯಂಪಟ್ಟಿಯ ತಮಿಳು ಮನೆಗೆ ಸೇರಿದವಳು. ಒಲೆಯ ಮುಂದಿನಿಂದ ಎದ್ದು ಬಂದು ಅತ್ತೆಯ ಕೈ ಹಿಡಿದು ಒಳಗೆ ಕೂರಿಸಿ, ಮನೆ ಎಲ್ಲೈತಜ್ಜಿ ಅಂತ ಕೇಳಿದಳಂತೆ. ಅತ್ತೆಗೆ ಬೀದಿಯ ಹೆಸರು ಬರಲಿಲ್ಲ. ಮಗನ ಹೆಸರೂ ಬರಲಿಲ್ಲ. ಪೋನು ಐತಾ ಅಂತ ಕೇಳಿದ್ದೇ ತಡ, ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, ಒಂದೊಂದೇ ಅಂಕಿಯಾಗಿ, ಅದೂ ತಮಿಳಿನಲ್ಲೇ, ಒಪ್ಪಿಸಿದರಂತೆ.

ನಾವು ಹೋಗುವ ಹೊತ್ತಿಗೆ ಅತ್ತೆ ಕೈ ತೊಳೆದುಕೊಂಡು ಅಂಗಡಿಯ ಯಜಮಾನಿತಿಯ ಹಾಗೆ ಕೂತಿದ್ದರು. ನಮ್ಮನ್ನು ಕಂಡು ಅವರಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು.

"ಎಲ್ರೂವೆ ಎಲ್ಲಿಗ್ ಓಗಿದ್ರಿ? ಇಂಗೆ ಮನೆ ಬಿಟ್ಟು ಓದ್ರೆ ಪೋನ್ ಎತ್ತೋರ್ಯಾರು?"

ಯಜಮಾನರು ತಾಯಿಯ ಕಾಲ ಹತ್ತಿರ ಕೂತು ಪಾದ ಹಿಡಿದುಕೊಂಡರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕವಿತಾ ಪಾಟಿಯ ತಲೆಗೂದಲು ಸವರುತ್ತಾ, "ನಾನ್ ಎತ್ದೆ ಪಾಟಿ. ನಾನೇ ಎತ್ದೆ" ಅಂದಳು. ಮಗಳಿಲ್ಲದ ನನಗೆ ಅವಳನ್ನು ಹೆತ್ತ ಎಡಪ್ಪಾಡಿಯ ಆ ತಾಯಿಯನ್ನು ಹುಡುಕಿಕೊಂಡು ಹೋಗಿ ಕೈ ಮುಗಿಯಬೇಕು ಅನ್ನಿಸಿತು. ಅವರ ಮುನಿಸಿಗೂ ಒಂದು ಕೈ ಮುಗಿಯಬೇಕು.

ಮಾದಮ್ಮ ಮೊದಲ ಸಲ ಕರೆ ಕಟ್ಟಾದಾಗ ತಪ್ಪು ನಂಬರಿರಬೇಕು ಅಂದುಕೊಂಡಿದ್ದಳಂತೆ. ಅಷ್ಟರಲ್ಲಿ ಅಜ್ಜಿ ಹೇಳಿದ ನಂಬರಿನಿಂದಲೇ ಫೋನು ತಿರುಗಿ ಬಂತು. ಕವಿತಾ ತನ್ನ ಮೊಬೈಲ್ ನಂಬರಿನಿಂದ ಮಾಡಿದ್ದರೆ ತಾನು ಎತ್ತುತ್ತಿರಲಿಲ್ಲವೇನೋ ಅಂದಳು ಮಾದಮ್ಮ, ಗುರುತಿಲ್ಲದ ಕರೆಗಳ ಕಾಟ ಆಕೆಗೂ ಇದೆ. ನಾವು ಏನು ಕೊಡಲು ಹೋದರೂ ಬೇಡ ಅಂದಳು. ಹೊರಡುವಾಗ ವ್ಯಾನಿನ ಕಿಟಕಿಯ ಹತ್ತಿರ ಬಂದು, ಸ್ವಲ್ಪ ಸಂಕೋಚದಿಂದ ನನ್ನನ್ನು ಒಂದು ಮಾತು ಕೇಳಿದಳು.

"ಅಕ್ಕಾ, ಆ ನಂಬರ್‌ಗೆ ನಾನ್ ಆಗಾಗ ಮಾಡ್ಲಾ? ಇಲ್ಲಿ ನಮ್ ಮಾತಾಡೋರ್ ಯಾರೂ ಇಲ್ಲ. ನಮ್ ಮಕ್ಳಿಗೂ ಬರಾಕಿಲ್ಲ."

ಎಷ್ಟು ವರ್ಷದಿಂದ ಆ ಒಲೆಯ ಮುಂದೆ ಕೂತು, ಯಾರಾದರೂ ತನ್ನ ತವರಿನ ಮಾತು ಆಡಿಯಾರೇ ಅಂತ ಕಿವಿ ತೆರೆದಿಟ್ಟಿದ್ದಳೋ. ಅದಕ್ಕೇ ಅಷ್ಟು ಗದ್ದಲದಲ್ಲೂ ಅತ್ತೆಯ ದನಿ ಆಕೆಗೆ ಕೇಳಿಸಿರಬೇಕು.

ಹೆಸರಿಡುವ ಶಾಸ್ತ್ರಕ್ಕೆ ನಾವು ತಲುಪಿದಾಗ ಎಲೆ ಎತ್ತುತ್ತಿದ್ದರು. ಮಗುವಿನ ಹೆಸರನ್ನು ಅತ್ತೆ ಮೂರು ನಾಲ್ಕು ಸಲ ಕೇಳಿ ತಿಳಿದುಕೊಂಡರು.

ಈಗ ಅತ್ತೆಗೆ ಆ ನಂಬರೂ ಮರೆತುಹೋಗಿದೆ. ಒಂದೊಂದೇ ಅಂಕಿ ಉದುರಿಹೋಯಿತು. ಎತ್ತಿ ಸುಮ್ಮನೆ "ಯಾರೂ?" ಅನ್ನುತ್ತಾರೆ. ಬಸ್ಸು ಹತ್ತಿದ್ದಂತೂ ನೆನಪೇ ಇಲ್ಲ. ಆದರೆ ಇಡ್ಲಿ ವ್ಯಾಪಾರ ಮುಗಿದ ಮೇಲೆ, ನಡುಹಗಲಿಗೆ, ಮಾದಮ್ಮ ಫೋನು ಮಾಡುತ್ತಾಳೆ. ಆ ಹೊತ್ತಿಗೆ ಮಗ್ಗ ನಿಲ್ಲಿಸಿ ಊಟಕ್ಕೆ ಕೂತಿರುತ್ತೇವೆ. ಈಗ ನನ್ನ ಮೊಬೈಲಿಗೂ ಜೋಡಿಸಿಕೊಟ್ಟಿದ್ದಾಳೆ ಕವಿತಾ, ಹಾಗಾಗಿ ಮನೆಯ ಮೂರು ಮೂಲೆಯಲ್ಲಿ ಒಟ್ಟಿಗೆ ಗಂಟೆ ಬಡಿಯುತ್ತದೆ. ನಾವು ಯಾರೂ ಎತ್ತುವುದಿಲ್ಲ. ಅತ್ತೆ ಗೋಡೆ ಹಿಡಿದು ನಿಧಾನವಾಗಿ ನಡೆದು ಹೋಗಿ ಎತ್ತುವ ತನಕ ಕಾಯುತ್ತೇವೆ. ಆಮೇಲೆ ಅರ್ಧ ಗಂಟೆ ರಾಗಿ, ಹುರುಳಿ, ಮಳೆ, ಸೊಂಟನೋವು.

ಮೊನ್ನೆ ಪೂಜೆಯ ಮಾರನೆಯ ದಿನವೂ ಹೀಗೆ ಮಾತಾಡಿ ಇಟ್ಟು ಬಂದು ಕೂತರು. ಅಷ್ಟೊತ್ತು ಯಾರ ಫೋನು ಅಂತ ಯಜಮಾನರು ಸುಮ್ಮನೆ ಕೇಳಿದರು.

"ನನ್ ತಂಗಿ ಕಣ್ಲಾ," ಅಂದರು ಅತ್ತೆ. "ಕಡಯಂಪಟ್ಟಿಗ್ ಕೊಟ್ಟೈತೆ."

ಅತ್ತೆಗೆ ಅಣ್ಣಂದಿರಿದ್ದರು, ಒಡಹುಟ್ಟಿದ ತಂಗಿಯರಿಲ್ಲ. ಕವಿತಾ ನನ್ನ ಮುಖ ನೋಡಿದಳು. ನಾನು ತಿದ್ದಲಿಲ್ಲ. ಯಜಮಾನರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಅಂಗಾದ್ರೆ ನಂಗೆ ಚಿಕ್ಕವ್ವ ಆಗ್ಬೇಕು," ಅಂದರು. "ದೀಪಾವಳಿಗ್ ಸೀರೆ ಕೊಡ್ದೆ ಇರಾಕಾಗ್ತದಾ?"

ಯಾವ ಬಣ್ಣ ಅಂತ ನಾನು ಕೇಳಿದೆ. ನಾವು ಏನಾದರೂ ಹೇಳುವ ಮೊದಲೇ ಅತ್ತೆ, ಅವಳು ಒಲೆ ಮುಂದೆ ಕೂರೋಳು, ತಿಳಿ ಬಣ್ಣ ಬೇಡ ಅಂದರು.