ಕಣ್‌ಕುಕ್ಕೆ

ಮೊಮ್ಮಗ ಬೈಕಿನಿಂದ ಬಿದ್ದು ಕಣ್ಣಿನ ಕೆಳಗಿನ ಮೂಳೆ ಮುರಿದುಕೊಂಡಾಗ, ಅಲ್ಲಿ ಕೂಡಿಸುವ ಟೈಟಾನಿಯಂ ಜಾಲರಿಯ ಮಾದರಿಯೊಂದನ್ನು ಡಾಕ್ಟರು ನನಗೆ ತೋರಿಸಿದರು. ಹಗುರ, ಗಟ್ಟಿ, ಬೇಕಾದ ಹಾಗೆ ಬಗ್ಗುತ್ತದೆ, ಮೈಗೆ ಒಗ್ಗುತ್ತದೆ. ತೂತುಗಳೊಳಗೆ ಮಾಂಸ ಬೆಳೆದು ಅದನ್ನು ಹಿಡಿದುಕೊಳ್ಳುತ್ತದಂತೆ. “ತುಕ್ಕಂತೂ ಹಿಡಿಯಲ್ಲಮ್ಮ” ಎಂದರು. ನಾನು ಅದನ್ನು ಬೇಗನೆ ವಾಪಸು ಕೊಟ್ಟುಬಿಟ್ಟೆ.

ಕಣ್ಣಿಗೆ ಜಾಲರಿ ನನಗೇನೂ ಹೊಸದಲ್ಲ. ಅರವತ್ತರ ದಶಕದ ಮೊದಲಲ್ಲಿ ನಾನೂ ನನ್ನ ಅಣ್ಣನ ಹೆಂಡತಿಯೂ ಬೂದಿಕೋಟೆ ಕಡೆಯಿಂದ ಬಂದು ಬಂಗಾರಪೇಟೆ ಹತ್ತಿರ ಜಲ್ಲಿ ಒಡೆಯುತ್ತಿದ್ದೆವು. ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಉರಿಗಾಂನ ತಮಿಳು ಮೇಸ್ತ್ರಿ ರಾಬರ್ಟ್‌ಸನ್‌ಪೇಟೆಯಲ್ಲಿ ತಂತಿ ಜಾಲರಿಯ ಕನ್ನಡಕ ಮಾಡಿಸಿ ತಂದು ಎಲ್ಲರಿಗೂ ಹಂಚಿದ. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗಿತ್ತು. ನಾವು ಅದಕ್ಕೆ ಕಣ್‌ಕುಕ್ಕೆ ಎಂದು ಹೆಸರಿಟ್ಟು ನಕ್ಕಿದ್ದೇ ನಕ್ಕಿದ್ದು.

“ನಗ್ಬೇಡ್ರಮ್ಮಾ. ಗಾಜಾದ್ರೆ ಬೆವರಿಗೆ ಮಬ್ಬಾಗ್ತದೆ, ಒಡೆದ್ರೆ ಕಣ್ಣಿಗೇ ಚುಚ್ತದೆ. ಇದ್ರಲ್ಲಿ ಗಾಳಿ ಆಡ್ತದೆ, ಚಕ್ಕೆ ನುಗ್ಗಲ್ಲ. ಇದನ್ನ ಕೆಡಿಸಿದೋರಿಗೆ ನಾಳೆಯಿಂದ ಕೆಲ್ಸ ಇಲ್ಲ, ತೆರಿಂಜದಾ, ತಿಳೀತಾ?” ಎಂದ ಮೇಸ್ತ್ರಿ.

ನನಗೋ ಮೂಗಿನ ತುದಿಯಲ್ಲೇ ಕೋಪ. ಹಾಳಾದ್ದು, ಅದರೊಳಗಿಂದ ಕಲ್ಲೂ ಸರಿಯಾಗಿ ಕಾಣದು, ಸುತ್ತಿಗೆಯೂ ಕಾಣದು. ಎರಡೇ ದಿನಕ್ಕೆ ಮೊಳೆ ತೂರಿಸಿ ಬಲಗಣ್ಣಿನ ಮುಂದೆ ಅವರೆಕಾಳಿನಷ್ಟು ತೂತು ಮಾಡಿಕೊಂಡೆ. ಎಲ್ಲ ನಿಚ್ಚಳವಾಯಿತು. ನನ್ನ ಬುದ್ಧಿಗೆ ನಾನೇ ಬೀಗಿದೆ.

ಮಾರನೆಯ ದಿನ ಅತ್ತಿಗೆಯ ಕುಕ್ಕೆಯ ದಾರ ಕಿತ್ತುಹೋಯಿತು. ನಾನು ನೀರು ಕುಡಿಯಲು ಏಳುತ್ತಿದ್ದೆ.

“ನಿಂದು ಕೊಡೇ, ನೀನು ಬರೋಗಂಟ ಆಕ್ಕೊಂಡಿರ್ತೀನಿ” ಎಂದಳು.

“ಆಕ್ಕೊ ಅತ್ಗೆ. ನಂದ್ರಲ್ಲಿ ಚೆಂದಾಗಿ ಕಾಣ್ತದೆ” ಎಂದು ಜಂಬದಿಂದಲೇ ಕೊಟ್ಟೆ.

ನೀರಿನ ಕೊಡ ಬಗ್ಗಿಸುವಷ್ಟರಲ್ಲಿ ಅವಳ ಕೂಗು ಕೇಳಿಸಿತು. ಚಕ್ಕೆ ಆ ತೂತಿನಲ್ಲೇ ನುಗ್ಗಿತ್ತು. ದೊಡ್ಡಾಸ್ಪತ್ರೆಗೆ ಒಯ್ದರೂ ಬಲಗಣ್ಣು ಉಳಿಯಲಿಲ್ಲ.

ಅವಳು ಮನೆಗೆ ಬಂದ ಮೇಲೆ ಮೇಸ್ತ್ರಿ ಆ ಜಾಲರಿ ಹಿಡಿದುಕೊಂಡು ಬಂದ. “ಯಾರು ತೂತು ಮಾಡಿದ್ದು? ಹೇಳ್ರಿ!”

ಅಣ್ಣನಿಗೆ ಆಗ ಕೆಲಸವಿರಲಿಲ್ಲ. ಅತ್ತಿಗೆ ಮಲಗಿದ ಮೇಲೆ ಮನೆಯ ಒಲೆ ಉರಿಯಬೇಕಾದರೆ ನನ್ನ ಕೂಲಿಯೊಂದೇ. ಆದರೂ ಹೇಳಬೇಕಿತ್ತು. ಹೇಳಲಿಲ್ಲ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅತ್ತಿಗೆ ಮಲಗಿದ್ದಲ್ಲಿಂದಲೇ ಕೈ ಚಾಚಿ ಜಾಲರಿ ಇಸಕೊಂಡಳು. ತೂತಿನ ಸುತ್ತ ಬೆರಳಾಡಿಸಿದಳು. ಮೊಳೆ ಹೊಡೆದ ಕಡೆಯಿಂದ ತಂತಿಗಳೆಲ್ಲ ಒಂದೇ ದಿಕ್ಕಿಗೆ ಬಗ್ಗಿದ್ದವು. ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು.

“ಯಾರೂ ಮಾಡಿಲ್ಲ ಬುಡಣ್ಣೋ. ತುಕ್ಕು ತಿಂದೈತೆ.”

ಮೇಸ್ತ್ರಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ, ಅವಳ ಪಕ್ಕದಲ್ಲೇ ಇಟ್ಟು ಹೊರಟುಹೋದ. ಜಾಲರಿ ಬಂದು ಹದಿನೈದು ದಿನವೂ ಆಗಿರಲಿಲ್ಲ. ತಂತಿ ಪಳಪಳ ಹೊಳೆಯುತ್ತಿತ್ತು.