ಮೇಲಕ್ಕೆ ಎಸೆದ ಚೆಂಡು

ಏಳು ಪಂದ್ಯ ಮುಗಿದಿದ್ದವು, ಏಳು ಉಳಿದಿದ್ದವು. ಎಂಟು ತಂಡಗಳ ಪಟ್ಟಿಯಲ್ಲಿ ನಾವು ಆರನೆಯವರು. ಮೊದಲ ಎರಡು ತಂಡಗಳಿಗೆ ಮಾತ್ರ ಮುಂದಿನ ವರ್ಷ ಮೇಲಿನ ದರ್ಜೆಯಲ್ಲಿ ಆಡುವ ಅವಕಾಶ. ಜರ್ಮನಿಯ ಎರ್ಲಾಂಗೆನ್ನಿನ ನಮ್ಮ ಬೇಸ್‌ಬಾಲ್ ತಂಡ ಆ ಎರಡರ ಹತ್ತಿರ ಮತ್ತೆ ಬರಬಲ್ಲದೇ ಎಂದು ಲೆಕ್ಕ ಹಾಕುವ ಕೆಲಸ ನನ್ನದಾಗಿತ್ತು. ಯಾರೂ ಕೊಟ್ಟದ್ದಲ್ಲ, ನಾನೇ ಮೈಮೇಲೆ ಎಳೆದುಕೊಂಡದ್ದು.

ಚೌಕುಳಿ ಹಾಳೆಯೊಂದರ ಮೇಲೆ ಎಂಟೂ ತಂಡಗಳ ಉಳಿದ ಪಂದ್ಯಗಳನ್ನು ಬರೆದು, ಯಾರು ಯಾರಿಗೆ ಸೋತರೆ ನಮಗೆ ಅನುಕೂಲ ಎಂದು ಬಾಣ ಹಾಕಿ ತೋರಿಸಿ, ಬಟ್ಟೆ ಬದಲಾಯಿಸುವ ಶೆಡ್ಡಿನ ಬಾಗಿಲಿಗೆ ಅಂಟಿಸಿದೆ. ಉಳಿದ ಏಳರಲ್ಲಿ ಆರು ಗೆಲ್ಲಬೇಕು. ಅದರಲ್ಲೂ ಮುಂದಿನ ಭಾನುವಾರ ಎರಡನೇ ಸ್ಥಾನದವರನ್ನು ಸೋಲಿಸಿದರೆ ದಾರಿ ಅರ್ಧ ಸುಗಮ. ನಮ್ಮ ತರಬೇತುದಾರ ಹಾಳೆಯ ಮುಂದೆ ಬಹಳ ಹೊತ್ತು ನಿಂತ. ಆತ ಮನೆಗಳ ಹೀಟರ್ ರಿಪೇರಿ ಮಾಡುವ ಮೆಕ್ಯಾನಿಕ್. ಅಂಗೈ ಮಸಿ ಹಿಡಿದೇ ಇರುತ್ತಿತ್ತು.

“ಇಂಜಿನಿಯರ್, ನೇರವಾಗಿ ಹೇಳು. ನಾವಿನ್ನೂ ಬದುಕಿದ್ದೇವಾ?”

“ಬದುಕಿದ್ದೇವೆ. ಭಾನುವಾರದವರೆಗಂತೂ ಖಂಡಿತ.”

ಆತ ನಕ್ಕು ನನ್ನ ಬೆನ್ನಿಗೊಂದು ಗುದ್ದು ಕೊಟ್ಟ. ಆ ಗುದ್ದಿನ ಖುಷಿಯಲ್ಲಿ ನಾನು ಮನೆಯವರೆಗೆ ಸೈಕಲ್ಲನ್ನು ನಿಂತೇ ತುಳಿದೆ, ಸೀಟಿನ ಮೇಲೆ ಕೂರಲೇ ಇಲ್ಲ.

ಕಂಪ್ಯೂಟರ್ ಕೆಲಸಕ್ಕೆ ಜನ ಸಾಲದೆ ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡವರಲ್ಲಿ ನಾನೂ ಒಬ್ಬ. ಕಾರ್ಡಿಗೆ ಐದು ವರ್ಷದ ಆಯಸ್ಸು, ಅದೂ ಕೆಲಸ ಇದ್ದರೆ. ಎರಡನೇ ವರ್ಷಕ್ಕೇ ಆಫೀಸಿನಲ್ಲಿ ಕುರ್ಚಿಗಳು ಖಾಲಿಯಾಗತೊಡಗಿದ್ದವು. ಅಲ್ಲಿ ನನ್ನನ್ನು ಎದುರಿಗೆ ಹೆಸರು ಹಿಡಿದು, ಬೆನ್ನ ಹಿಂದೆ ‘ಕಂಪ್ಯೂಟರ್ ಇಂಡರ್’ ಎಂದು ಕರೆಯುತ್ತಿದ್ದರು. ಅಂದರೆ ಕಂಪ್ಯೂಟರಿಗೆಂದು ತರಿಸಿಕೊಂಡ ಭಾರತೀಯ. ಮೈದಾನದಲ್ಲಿ ಮಾತ್ರ ನನ್ನನ್ನು ತೆಗೆದುಕೊಂಡದ್ದು ನನ್ನ ತೋಳಿಗಾಗಿ. ಒಂದು ಸಂಜೆ ಬೇಲಿ ದಾಟಿ ಸೈಕಲ್ ದಾರಿಗೆ ಬಂದು ಬಿದ್ದ ಚೆಂಡನ್ನು ಎತ್ತಿ, ನಿಂತಲ್ಲಿಂದಲೇ ಮೈದಾನದ ನಡುವಿಗೆ ಎಸೆದಿದ್ದೆ. ಅದು ಒಂದೂ ಪುಟ ಬೀಳದೆ ಮೆಕ್ಯಾನಿಕ್ಕನ ಕೈಗವಸಿನಲ್ಲಿ ಕೂತಿತು. ಬೇಲಿಯವರೆಗೆ ಓಡಿ ಬಂದು ಆತ ಕೇಳಿದ್ದು ಒಂದೇ: “ಮಂಗಳವಾರ ಬಿಡುವಿದೆಯಾ?” ವೀಸಾ ಎಷ್ಟು ವರ್ಷದ್ದು ಎಂದು ಕೇಳದೆ ಆ ದೇಶದಲ್ಲಿ ನನ್ನನ್ನು ಒಳಗೆ ಕರೆದ ಮೊದಲ ಮನುಷ್ಯ ಆತ. ಮೈದಾನಕ್ಕಿಳಿಯುವ ಆ ಒಂಬತ್ತು ಜನರಲ್ಲಿ ಒಬ್ಬನಾಗಿ ಉಳಿಯುವುದು ನನಗೆ ಎಷ್ಟು ಮುಖ್ಯವಾಗಿತ್ತು ಎಂದು ನಾನು ಯಾರಿಗೂ ಹೇಳಿರಲಿಲ್ಲ.

ಆ ತೋಳು ಧಾರವಾಡದ್ದು. ನನ್ನಪ್ಪ ಅಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಮೈದಾನ ನೋಡಿಕೊಳ್ಳುವ ಆಳು. ಪಿಚ್ಚಿಗೆ ರೋಲರ್ ಎಳೆಯುವುದು, ನೀರು ಹೊಡೆಯುವುದು, ಸುಣ್ಣದ ಗೆರೆ ಹಾಕುವುದು. ಎರಡು ಮೊಳೆ, ಒಂದು ಹುರಿ. ಹುರಿ ಬಿಗಿದು, ಒಂದು ಕಣ್ಣು ಮುಚ್ಚಿ, ಹಿಂದೆ ಹಿಂದೆ ನಡೆಯುತ್ತ ಗೆರೆ ಎಳೆಯುತ್ತಿದ್ದ. ಬೌಂಡರಿ ದಾಟಿದ ಚೆಂಡನ್ನು ಎಸೆದೆಸೆದೇ ನನ್ನ ತೋಳು ಬಲಿತದ್ದು. ಆದರೆ ಸುಣ್ಣದ ಡಬ್ಬಿಗೆ ಕೈ ಹಾಕಿದರೆ ಅಪ್ಪ ಬೈಯುತ್ತಿದ್ದ. “ಅದನ್ನ ಮುಟ್ಟಬ್ಯಾಡ. ನೀ ಒಳಗ ಕುಂಡರಾಂವ.” ಒಳಗೆ ಎಂದರೆ ಕಾಲೇಜಿನ ಒಳಗೆ. ಕೂತೆ. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲಿಗ ನಾನೇ, ಅದೂ ಅದೇ ಕಾಲೇಜಿನಲ್ಲಿ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಂಕೋಚವಿಲ್ಲ.

ಜರ್ಮನಿಯ ಕ್ಲಬ್ಬುಗಳಲ್ಲಿ ಆರ್ಬೈಟ್ಸ್‌ಡೀನ್ಸ್ಟ್ ಎಂಬ ಕಟ್ಟಳೆ ಇದೆ. ಪ್ರತಿ ಸದಸ್ಯನೂ ವರ್ಷಕ್ಕಿಷ್ಟು ಗಂಟೆ ಮೈದಾನದ ಕೆಲಸ ಮಾಡಬೇಕು. ಹುಲ್ಲು ಕತ್ತರಿಸಬೇಕು, ಮಣ್ಣು ಕೆರೆಯಬೇಕು, ಗೆರೆ ಹಾಕಬೇಕು. ಶೆಡ್ಡಿನ ಬಾಗಿಲಲ್ಲಿ ಹೆಸರಿನ ಮುಂದೆ ಗಂಟೆಗಳ ಪಟ್ಟಿ ತೂಗುತ್ತಿತ್ತು. ನಮ್ಮಲ್ಲೊಬ್ಬ ಹಲ್ಲಿನ ಡಾಕ್ಟರ್ ಇದ್ದ, ಆತನೇ ಕಕ್ಕಸು ತೊಳೆಯುತ್ತಿದ್ದ. ನಾನು ಒಂದು ಶನಿವಾರವೂ ಹೋಗಲಿಲ್ಲ. ಆಫೀಸ್ ಇದೆ ಎಂದು ಸುಳ್ಳು ಹೇಳಿ ಮನೆಯಲ್ಲಿ ಬೇಸ್‌ಬಾಲಿನ ನಿಯಮದ ಪುಸ್ತಕ ಬಾಯಿಪಾಠ ಮಾಡುತ್ತ ಕೂತೆ. ಯಾರೂ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದನ್ನು ಮಾಫಿ ಎಂದುಕೊಂಡೆ.

ಆ ಭಾನುವಾರ ಬಂತು. ಕೊನೆಯ ಸುತ್ತಿನವರೆಗೆ ಅಂಕಗಳು ಸಮ. ಎದುರಾಳಿಗಳ ಬ್ಯಾಟಿಂಗ್. ಅವರಲ್ಲಿ ಒಬ್ಬ ಔಟಾಗಿದ್ದ, ಇನ್ನೊಬ್ಬ ಮೂರನೇ ಬೇಸಿನ ಮೇಲೆ ಓಡಲು ಕಾಯುತ್ತಿದ್ದ. ಅಲ್ಲಿಂದ ಮನೆಯ ಬೇಸ್ ತಲುಪಿದರೆ ಒಂದು ಅಂಕ. ನಾನು ಎಡಗಡೆ ದೂರದಲ್ಲಿ ಫೀಲ್ಡಿಂಗಿಗೆ ನಿಂತಿದ್ದೆ. ಹೊಡೆತ ಎತ್ತರಕ್ಕೆ ಹೋಗಿ ನನ್ನ ಮುಂದೆ ಬೀಳುವ ಹಾಗಿತ್ತು. ಓಡಿದೆ, ಮುಂದಕ್ಕೆ ಹಾರಿದೆ, ಹುಲ್ಲಿಗೆ ಒಂದು ಗೇಣು ಮೇಲೆ ಹಿಡಿದೆ. ಅಂಥ ಕ್ಯಾಚನ್ನು ನಾನು ಧಾರವಾಡದಲ್ಲೂ ಹಿಡಿದಿರಲಿಲ್ಲ. ಎದ್ದು ನಿಂತು, ಎರಡೂ ಕೈ ಚಾಚಿ, ಚೆಂಡನ್ನು ಆಕಾಶಕ್ಕೆ ಎಸೆದೆ.

ಕ್ರಿಕೆಟ್ಟಿನಲ್ಲಿ ಕ್ಯಾಚ್ ಹಿಡಿದರೆ ಮುಗಿಯಿತು. ಚೆಂಡು ಸತ್ತಿತು, ಹಬ್ಬ ಶುರು. ಬೇಸ್‌ಬಾಲಿನಲ್ಲಿ ಹೊಡೆದವನು ಔಟ್, ಆದರೆ ಚೆಂಡು ಬದುಕಿರುತ್ತದೆ. ಬೇಸಿನ ಮೇಲೆ ಕಾಲಿಟ್ಟು ಕಾದವನು ಕ್ಯಾಚ್ ಆದ ಕ್ಷಣದಿಂದ ಓಡಬಹುದು. ಈ ನಿಯಮ ನನಗೆ ಜರ್ಮನ್ನಿನಲ್ಲಿ ಬಾಯಿಪಾಠ ಬರುತ್ತಿತ್ತು. ಕೈಗೆ ಬರುತ್ತಿರಲಿಲ್ಲ, ಅಷ್ಟೇ. ಚೆಂಡು ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲಿ ಮೂರನೇ ಬೇಸಿನವನು ಓಡಿ, ಸಾಲದ್ದಕ್ಕೆ ಕೊನೆಯ ನಾಲ್ಕು ಹೆಜ್ಜೆಯನ್ನು ಸಾವಕಾಶ ನಡೆದು, ಮನೆ ಮುಟ್ಟಿದ. ಮುಂದಕ್ಕೆ ಓಡಿ ಬಂದು ನಿಂತಿದ್ದ ಅಷ್ಟು ಹತ್ತಿರದಿಂದ ನಾನು ನೇರ ಮನೆಯ ಬೇಸಿಗೆ ಎಸೆದಿದ್ದರೆ ಅವನು ಅರ್ಧ ದಾರಿಯನ್ನೂ ದಾಟುತ್ತಿರಲಿಲ್ಲ. ಅದಕ್ಕೇ ತಾನೆ ನನ್ನನ್ನು ತೆಗೆದುಕೊಂಡಿದ್ದು? ನಮ್ಮ ಸರದಿಯಲ್ಲಿ ಮೂವರೂ ಬೇಗ ಬೇಗ ಔಟಾದರು. ಒಂದು ಅಂಕದಿಂದ ಸೋತೆವು.

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಜೊತೆ ಮನೆ ಹಂಚಿಕೊಂಡಿದ್ದ ಮೈಸೂರಿನವನಿಗೆ ಹೇಳಿದೆ. ಅವನು ನಕ್ಕೂ ನಕ್ಕೂ ಸೋಫಾದಿಂದ ಜಾರಿದ.

“ಅಲ್ಲ ಗುರು, ಕ್ಯಾಚ್ ಹಿಡಿದ್ಮೇಲೆ ಬಾಲ್ ಮೇಲಕ್ಕೆಸೀದೆ ಉಪ್ಪಿನಕಾಯಿ ಹಾಕ್ಬೇಕಿತ್ತಾ? ಇದೊಂದ್ ಆಟನಾ ಮಗಾ? ಬಿಟ್ಟಾಕು.”

“ಬಿಡೂದಿಲ್ಲ. ಇನ್ನೂ ಆರು ಮ್ಯಾಚ್ ಅದಾವ. ಆರಕ್ಕಾರೂ ಗೆದ್ರ ಆಗ್ತದ.”

“ನಿನ್ನನ್ನ ಆಡಿಸಿದ್ರೆ ತಾನೆ?”

ಮಂಗಳವಾರ ಶೆಡ್ಡಿನ ಬಾಗಿಲಲ್ಲಿ ಉಳಿದ ಪಂದ್ಯಗಳಲ್ಲಿ ಆಡುವವರ ಒಂಬತ್ತು ಹೆಸರು ಇತ್ತು. ನನ್ನದು ಅದರ ಕೆಳಗೆ, ಗೆರೆ ಎಳೆದು, ಬೇರೆಯಾಗಿ: ಅಂಕ ಬರೆಯುವುದು, ಮೈದಾನ ಸಿದ್ಧಪಡಿಸುವುದು. ಎಡಗಡೆಯ ಜಾಗಕ್ಕೆ ಒಬ್ಬ ವಿದ್ಯಾರ್ಥಿಯನ್ನು ಹಾಕಿದ್ದರು. ಅವನ ಎಸೆತ ನನ್ನದರ ಅರ್ಧ ದೂರಕ್ಕೂ ಬೀಳುತ್ತಿರಲಿಲ್ಲ.

“ಒಂದು ಚೆಂಡಿಗೆ ಇಷ್ಟಾ?” ಎಂದೆ.

ಮೆಕ್ಯಾನಿಕ್ ಗಂಟೆಗಳ ಪಟ್ಟಿಯ ಮೇಲೆ ಬೆರಳಿಟ್ಟ. “ಚೆಂಡಿಗಲ್ಲ. ಇದಕ್ಕೆ. ಆ ಹುಡುಗ ಇಪ್ಪತ್ತು ಗಂಟೆ ಮಣ್ಣು ಕೆರೆದಿದ್ದಾನೆ. ನಿನ್ನದು ಸೊನ್ನೆ. ನೀನು ಗೆಲ್ಲಿಸುತ್ತಿದ್ದರೆ ಹುಡುಗರು ಸುಮ್ಮನಿರುತ್ತಿದ್ದರು. ಈಗ ಕೇಳುತ್ತಿದ್ದಾರೆ. ನಾಲ್ಕು ಶನಿವಾರ ಬಾ, ಗೆರೆ ಹಾಕು, ಆಮೇಲೆ ನೋಡೋಣ.”

“ನಾನು ಇಂಜಿನಿಯರ್.”

“ಗೊತ್ತು. ಅವನು ಡಾಕ್ಟರ್, ಕಕ್ಕಸು ತೊಳೆಯುತ್ತಾನೆ.”

“ಅವನ ಅಪ್ಪ ಏನಾಗಿದ್ದ?”

“ಅವನಪ್ಪನೂ ಡಾಕ್ಟರೇ. ಯಾಕೆ?”

ಯಾಕೆ ಎಂದು ಹೇಳಬಹುದಿತ್ತು. ಡಾಕ್ಟರನ ಮಗ ಕಕ್ಕಸು ತೊಳೆದರೆ ದೊಡ್ಡ ಗುಣ. ನಾನು ಸುಣ್ಣ ಹಿಡಿದರೆ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಿ ಅಪ್ಪನ ಪಕ್ಕ ನಿಂತ ಹಾಗೆ. ಅಷ್ಟು ಜರ್ಮನ್ ನನಗೆ ಬರುತ್ತಿತ್ತು. ಹೇಳಲಿಲ್ಲ. ಹೇಳಿದರೆ ಆತ ಅರ್ಥ ಮಾಡಿಕೊಂಡುಬಿಟ್ಟಾನು ಎಂಬ ಭಯವಿತ್ತೋ ಏನೋ. ಮರುದಿನ ಸಮವಸ್ತ್ರ ಒಗೆದು, ಇಸ್ತ್ರಿ ಮಾಡಿ, ಶೆಡ್ಡಿನ ಚಿಲಕಕ್ಕೆ ನೇತುಹಾಕಿ ಬಂದೆ. ಬರುವಾಗ ಚೌಕುಳಿ ಹಾಳೆಯನ್ನೂ ಕಿತ್ತು ತಂದೆ.

ಆ ಹಾಳೆ ನನ್ನ ಅಡುಗೆಮನೆಯ ಗೋಡೆಗೆ ಬಂತು. ಪ್ರತಿ ಸೋಮವಾರ ಊರಿನ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದ ಫಲಿತಾಂಶ ನೋಡಿ ಲೆಕ್ಕ ತಿದ್ದುತ್ತಿದ್ದೆ. ಮೊದಲು ಅವರು ಗೆಲ್ಲಲಿ ಎಂದು ನೋಡುತ್ತಿದ್ದವನು ಈಗ ಸೋಲಲಿ ಎಂದು ನೋಡುತ್ತಿದ್ದೆ. ಅವರು ಗೆದ್ದರು. ಮತ್ತೊಂದು ಗೆದ್ದರು. ಮೂರನೆಯದನ್ನೂ ಗೆದ್ದು ಮೂರನೇ ಸ್ಥಾನಕ್ಕೆ ಬಂದರು. ನನ್ನ ಬಾಣಗಳೆಲ್ಲ ನಾನು ಹಾಕಿದ ಹಾಗೆಯೇ ನಡೆಯುತ್ತಿದ್ದವು, ನಾನೊಬ್ಬನಿಲ್ಲದೆ. ಆ ವಾರ ಅನ್ನ ಸೇರಲಿಲ್ಲ. ಮೈದಾನದ ದಾರಿ ಬಿಟ್ಟು ಕಾಲುವೆಯ ಪಕ್ಕದ ಸುತ್ತುದಾರಿಯಲ್ಲಿ ಆಫೀಸಿಗೆ ಹೋಗತೊಡಗಿದೆ.

ನಾಲ್ಕನೆಯ ವಾರ ಅವರು ಕಟ್ಟಕಡೆಯ ತಂಡಕ್ಕೆ ಸೋತರು. ಲೆಕ್ಕದ ಪ್ರಕಾರ ಅಲ್ಲಿಗೆ ಎಲ್ಲ ಮುಗಿಯಿತು. ಹಾಳೆಯ ಮೇಲೆ ಉದ್ದಕ್ಕೆ ಒಂದು ಗೀಟು ಎಳೆದು, ಏಲಕ್ಕಿ ಹಾಕಿ ಚಹಾ ಮಾಡಿಕೊಂಡೆ. ಚಹಾ ಮುಗಿಯುವವರೆಗೆ ನಿಜಕ್ಕೂ ಸಂತೋಷವಾಗಿತ್ತು. ಇದನ್ನೂ ಬರೆಯಲೇಬೇಕು.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪನಿಗೆ ಫೋನ್ ಮಾಡಿದೆ. ಅಪ್ಪನ ಮನೆ ಪಕ್ಕದ ಅಂಗಡಿಗೆ ಫೋನ್ ಮಾಡಿದರೆ ಕರೆದು ಕೊಡುತ್ತಿದ್ದರು. ಅಪ್ಪನಿಗೆ ಬೇಸ್‌ಬಾಲ್ ಎಂದರೆ ಏನೆಂದು ಗೊತ್ತಿರಲಿಲ್ಲ, ಗೆರೆ ಹಾಕುವ ಆಟ ಎಂದಷ್ಟೇ ಗೊತ್ತಿತ್ತು.

“ಏನಪಾ, ನಿಮ್ಮ ಟೀಮು ಮ್ಯಾಲ ಬಂತೇನು?”

“ಬಂತಪಾ. ಮೂರನೇ ನಂಬರಿಗೆ ಬಂತು.”

“ಚೊಲೊ ಆತು. ಅಲ್ಲೆ ಗೆರಿ ಯಾರು ಹಾಕ್ತಾರ?”

“ಎಲ್ಲಾರೂ ಪಾಳಿ ಮ್ಯಾಲ ಹಾಕ್ತಾರ. ಡಾಕ್ಟರೂ ಹಾಕ್ತಾನ.”

ಅಂಗಡಿಯಲ್ಲಿ ಯಾರೋ ಬೀಡಿ ಕೇಳುತ್ತಿದ್ದದ್ದು ನನಗೆ ಕೇಳಿಸಿತು.

“ಡಾಕ್ಟರ?” ಎಂದ ಅಪ್ಪ. ಆಮೇಲೆ, ನಗುತ್ತಿದ್ದನೋ ಏನೋ, “ನೀನೂ ಹಾಕಿದಿ ಹಂಗಾರ. ನೆಟ್ಟಗ ಬಂತೇನೋ?”

ಗೋಡೆಯ ಮೇಲಿನ ಹಾಳೆ ನನ್ನ ಎದುರಿಗೇ ಇತ್ತು, ನಾನೆಳೆದ ಗೀಟಿನೊಂದಿಗೆ.

“ಬಂತಪಾ,” ಎಂದೆ.

“ಹುರಿ ಬಿಗದಿದ್ದಿ?”

“ಹೂಂ. ಬಿಗದಿದ್ದೆ.”