ಒರೆಸಿದ ಎಸಳು

ಸಾವಂತ್ರವ್ವನನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತಿತ್ತು, ಸುಸ್ತೂ ಆಗುತ್ತಿತ್ತು. ತಿಳವಳ್ಳಿಯ ನಮ್ಮ ಓಣಿಯಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಇಪ್ಪತ್ತೆಂಟು ವರ್ಷದಿಂದ ಆ ಗೋಡೆಯಾಚೆ ನಾನು ಕೇಳುತ್ತ ಬಂದದ್ದು ಒಂದೇ ಮಾತು: "ನೋಡೂಣು, ಪ್ರಸಾದ ಕೇಳೂಣು."

ಪ್ರಸಾದ ಎಂದರೆ ತಿನ್ನುವ ಪ್ರಸಾದವಲ್ಲ. ಮನೆಯಲ್ಲಿ ಯಾವುದಾದರೂ ಕೆಲಸ ಮಾಡಬೇಕೋ ಬಿಡಬೇಕೋ ತಿಳಿಯದಾದಾಗ ನಮ್ಮವರು ದ್ಯಾಮವ್ವನ ಗುಡಿಗೆ ಹೋಗುತ್ತಾರೆ. ಕೇಳುವವರು ಎರಡು ಅಂಗೈಯಲ್ಲಿ ದಾಸವಾಳದ ಎರಡು ಒದ್ದೆ ಎಸಳು ಹಿಡಿದು ನಿಲ್ಲಬೇಕು. ಪೂಜಾರಿ ಶಂಭುಲಿಂಗಪ್ಪ ಬಲಗೈಯದನ್ನು ದೇವಿಯ ಬಲಭುಜಕ್ಕೆ, ಎಡಗೈಯದನ್ನು ಎಡಭುಜಕ್ಕೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಉಹೂಂ. ಮುಂದೆ ಮಾತಿಲ್ಲ. ನಾನೇನು ನಂಬದವಳಲ್ಲ. ನನ್ನ ಮದುವೆಯೂ ಬಲಕ್ಕೆ ಬಿದ್ದ ಎಸಳಿನಿಂದಲೇ ಆದದ್ದು. ಆ ಕಥೆ ಇಲ್ಲಿ ಬೇಡ.

ಸಾವಂತ್ರವ್ವ ಏಳನೇ ಇಯತ್ತೆಗೆ ಶಾಲೆ ಬಿಟ್ಟದ್ದು ಹೀಗೇ, ಲಕ್ಷ್ಮಪ್ಪನನ್ನು ಮದುವೆಯಾದದ್ದೂ ಹೀಗೇ. ಹಾನಗಲ್ಲಿಗೆ ಹೋಗಿ ಹೊಲಿಗೆ ಕಲಿಯಬೇಕೆಂದು ಆಸೆಪಟ್ಟು ಸುಮ್ಮನಾದದ್ದೂ ಹೀಗೇ. ತವರಿನಲ್ಲಿ ಹನುಮಪ್ಪ, ಇಲ್ಲಿ ದ್ಯಾಮವ್ವ. ದೇವರು ಬದಲಾದರು, ಎಸಳು ಬದಲಾಗಲಿಲ್ಲ. ಲಕ್ಷ್ಮಪ್ಪ ಕೆಟ್ಟವನಲ್ಲ. ಹೆಂಡತಿಯೊಂದಿಗೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವನಲ್ಲ. ಆದರೆ ಗೋವಿನಜೋಳ ಬಿತ್ತುವ ದಿನವನ್ನು ಕೂಡ ತಾನಾಗಿ ಗೊತ್ತುಮಾಡುವ ಧೈರ್ಯ ಅವನಿಗಿಲ್ಲ. ಹಾಗಾಗಿ ಆ ಮನೆಯಲ್ಲಿ ಯಾರ ಮೇಲೂ ಸಿಟ್ಟಾಗುವ ಹಾಗಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ಎರಡೂ ಕಣ್ಣಿಗೆ ಪೊರೆ ಬಂತು. ಡಾಕ್ಟರು ಆಪರೇಷನ್ ಆಗಲೇಬೇಕೆಂದರು. ಗಂಡ ಹೆಂಡತಿ ಗುಡಿಗೆ ಹೋದರು. ಎಡಗಡೆಯದು ಬಿತ್ತು. ಮರುವರ್ಷ ಮತ್ತೆ ಹೋದರು. ಮತ್ತೆ ಎಡಗಡೆಯದೇ. ಅಷ್ಟರಲ್ಲಿ ಬಲಗಣ್ಣು ಮುಕ್ಕಾಲು ಹೋಗಿತ್ತು. ಬಿಸಿ ಗಂಜಿ ಬಸಿಯುತ್ತ ಕಾಲ ಮೇಲೆ ಸುರಿದುಕೊಂಡಳು. ಎದುರಿಗೆ ಬಂದವರನ್ನು ದನಿ ಕೇಳಿದ ಮೇಲೆಯೇ ಗುರುತಿಸುತ್ತಿದ್ದಳು.

ಶಿಗ್ಗಾಂವಿಯಲ್ಲಿ ನರ್ಸ್ ಆಗಿರುವ ಮಗಳು ಭಾಗ್ಯಶ್ರೀ ಕಳೆದ ವಾರ ಫೋನು ಮಾಡಿದಳು. ಅವ್ವನಿಗೆ ಕಾಣುವುದಿಲ್ಲವೆಂದು ಫೋನು ಹಿಡಿದವಳು ನಾನೇ.

"ಮಂಗಳವಾರ ಆಪರೇಷನ್ನಿಗೆ ದಿನಾ ಗೊತ್ತುಮಾಡೇನಿ ದೊಡ್ಡವ್ವಾ. ಇನ್ನ ತಡಾ ಮಾಡಿದ್ರ ಬಲಗಣ್ಣು ಪೂರ್ತಿ ಹೋಗತೈತಿ. ಆಮ್ಯಾಲ ಏನ್ ಮಾಡಿದ್ರೂ ಬರೂದಿಲ್ಲ. ಅವ್ವಗ ಹೇಳ್ರಿ."

ಹೇಳಿದೆ. ಲಕ್ಷ್ಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಇನ್ನೊಂದ ಸಲ ಪ್ರಸಾದ ಕೇಳೂಣು," ಅಂದ.

ಮಧ್ಯಾಹ್ನ ಸಾವಂತ್ರವ್ವ ನನ್ನ ಕಟ್ಟೆಗೆ ಮೊರ ಹಿಡಿದುಕೊಂಡು ಬಂದು, ಬೆರಳಿನಿಂದಲೇ ತಡವುತ್ತ ಅಕ್ಕಿಯೊಳಗಿನ ಕಲ್ಲು ಆರಿಸುತ್ತ ಕುಳಿತಳು. ನನಗೆ ತಡೆಯಲಾಗಲಿಲ್ಲ.

"ಎಸಳು ಎಡಕ್ಕ ಬಿತ್ತಂತ ಕಣ್ಣು ಕಳ್ಕೊಂತೀಯೇನ?"

"ಅದು ಸುಮ್ನ ಬೀಳಾಕತ್ತಿಲ್ಲಕ್ಕಾ," ಅಂದಳು. "ನಾ ಮಾಡಿದ್ದಕ್ಕ ಬೀಳಾಕತ್ತೈತಿ."

ಆಮೇಲೆ ಹೇಳಿದಳು. ಆರು ವರ್ಷದ ಹಿಂದೆ ಭಾಗ್ಯಶ್ರೀಯನ್ನು ನರ್ಸಿಂಗ್ ಓದಿಸಬೇಕೋ ಬೇಡವೋ ಎಂದು ಕೇಳಲು ಹೋದಾಗ, ಸೆರಗಿನ ಮರೆಯಲ್ಲಿ ಬಲಗೈಯ ಎಸಳನ್ನು ಒರೆಸಿ ಒಣಗಿಸಿದ್ದಳಂತೆ. ಒಣ ಎಸಳು ಅಂಟಿ ನಿಲ್ಲುವುದಿಲ್ಲ. ಪೂಜಾರಿ ಕೈ ತೆಗೆಯುವಷ್ಟರಲ್ಲಿ ಬಿತ್ತು. ಮಗಳು ಶಿಗ್ಗಾಂವಿಗೆ ಹೋದಳು.

"ದ್ಯಾಮವ್ವಗ ಮೋಸ ಮಾಡೇನಿ. ಅದಕ್ಕ ಕಣ್ಣು ಕೇಳಾಕತ್ತಾಳ."

ನಾನು ದಂಗಾದೆ. ಇಪ್ಪತ್ತೆಂಟು ವರ್ಷ ಇವಳನ್ನು ಬಾಯಿಲ್ಲದ ಹೆಂಗಸೆಂದು ತಿಳಿದಿದ್ದೆ. ಅಂಥ ಧೈರ್ಯ ನನಗೇ ಬಂದಿರಲಿಲ್ಲ.

"ಹಂಗಾರ ಈ ಸಲಾನೂ ಒರಸು."

"ಬ್ಯಾಡಕ್ಕಾ. ಮಗಳಿಗಂತ ಮಾಡಿದೆ. ನನ್ನ ಸಲುವಾಗಿ ಕೈ ಬರೂದಿಲ್ಲ."

ಅವಳ ಬೆರಳು ಒಂದೇ ಕಲ್ಲನ್ನು ಮೂರು ಸಲ ದಾಟಿಹೋಯಿತು. ನನಗೆ ಅಳು ಬಂತು. ಅಳು ಬಂದರೆ ನನ್ನ ಬಾಯಿ ಜೋರಾಗುತ್ತದೆ.

"ನಿನ್ನ ಮಗಳು ಕೆಟ್ಟು ಹೋದಳೇನ?"

"ಇಲ್ಲ."

"ಆಕೀನ್ನ ಕಳಿಸಿದ್ದು ಯಾರು? ದ್ಯಾಮವ್ವನೋ, ನೀನೋ?"

ಅವಳು ಮೊರ ಅಲ್ಲೇ ಬಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು ಹೋದಳು. ಅಕ್ಕಿಯಲ್ಲಿ ಉಳಿದ ಕಲ್ಲುಗಳನ್ನು ನಾನು ಆರಿಸಿಟ್ಟೆ.

ಸೋಮವಾರ ಬೆಳಿಗ್ಗೆ ಮೂವರೂ ಗುಡಿಗೆ ಹೋದೆವು. ಲಕ್ಷ್ಮಪ್ಪನ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಬಲಕ್ಕೆ ಬಿದ್ದರೆ ಹಾಗೇ ಶಿಗ್ಗಾಂವಿ ಬಸ್ಸು ಹತ್ತುವುದೆಂದು ತಂದಿದ್ದ. ಸಾವಂತ್ರವ್ವನ ಎರಡೂ ಅಂಗೈಯಲ್ಲಿ ಎಸಳಿದ್ದವು, ನೀರು ತೊಟ್ಟಿಕ್ಕುತ್ತಿತ್ತು. ಯಾವುದನ್ನೂ ಒರೆಸಿರಲಿಲ್ಲ.

"ಏನ್ ಕೇಳೂದೈತಿ ಯವ್ವಾ?" ಶಂಭುಲಿಂಗಪ್ಪ ಕೈ ಚಾಚಿದರು.

"ಕೇಳೂದೇನಿಲ್ರಿ. ಹೇಳೂದೈತಿ."

ಎರಡೂ ಎಸಳನ್ನು ದೇವಿಯ ಪಾದದ ಹತ್ತಿರ ತಡವಿ ಇಟ್ಟಳು. "ತಾಯಿ, ಆರು ವರ್ಷದ ಹಿಂದ ಎಸಳು ಒರಸಿದಾಕಿ ನಾನ. ಮೋಸ ಮಾಡಿದ್ದು ತಪ್ಪು. ಮಗಳನ್ನ ಕಳಿಸಿದ್ದು ತಪ್ಪಲ್ಲ. ನಾಳೆ ಕಣ್ಣಿಂದು ಆಪರೇಷನ್ ಐತಿ, ಹೋಗಿ ಬರ್ತೇನಿ."

ಆರು ವರ್ಷದ ಹಿಂದಿನ ಮಾತು ಲಕ್ಷ್ಮಪ್ಪನಿಗೆ ತಿಳಿದದ್ದು ಅವತ್ತೇ ಮೊದಲು. ಬೈಯಲಿಲ್ಲ, ಪೂಜಾರಿಗೆ ಮಾತ್ರ ಕೈ ಮುಗಿದು, "ಒಂದ ಸಲ ಹಚ್ಚಿಬಿಡ್ರಿ," ಅಂದ. ಶಂಭುಲಿಂಗಪ್ಪ ಎಸಳುಗಳನ್ನು ಎತ್ತಿ ಎರಡೂ ಭುಜಕ್ಕೆ ಅಂಟಿಸಿದರು. ನಾನು ಎಸಳುಗಳನ್ನೇ ನೋಡುತ್ತ ನಿಂತೆ. ಸಾವಂತ್ರವ್ವ ಆಗಲೇ ಬಾಗಿಲಿನತ್ತ ತಿರುಗಿ, ಗೋಡೆ ಹಿಡಿದು ಹೊಸ್ತಿಲು ಹುಡುಕುತ್ತಿದ್ದಳು.

"ಬಿತ್ತು," ಅಂದ ಲಕ್ಷ್ಮಪ್ಪ. "ಎಡಕ್ಕ ಬಿತ್ತಲ್ಲ..."

"ಬೀಳ್ಲಿ ಬಿಡ್ರಿ," ಅಂದಳು. ಆ ದನಿಯಲ್ಲಿ ಧೈರ್ಯವೇನೂ ಇರಲಿಲ್ಲ, ಬರೀ ದಣಿವಿತ್ತು. "ಬಸ್ಸಿಗೆ ಹೊತ್ತಾಗತೈತಿ. ಚೀಲ ತಗೋರಿ."

ಲಕ್ಷ್ಮಪ್ಪ ದೇವಿಯನ್ನು ನೋಡಿದ, ಪೂಜಾರಿಯನ್ನು ನೋಡಿದ, ನನ್ನನ್ನು ನೋಡಿದ. ಅವನು ಚೀಲ ಹೆಗಲಿಗೆ ಹಾಕಿಕೊಂಡು, ಹೊಸ್ತಿಲ ಹತ್ತಿರ ಹೋಗಿ ಅವಳ ಕೈ ಹಿಡಿದ.